ಲಕ್ಷ ಹಿಟ್, ಓದುಗರೆಷ್ಟು?

ಪುಣೆಯ ನಮ್ಮ ಕನ್ನಡ ಸಂಘದ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ಕೆಲವು ವರ್ಷಗಳಿಂದ ನನ್ನ ತಲೆಗೆ ಬಂದಿದೆ. ಕಳೆದ ವಾರ್ಷಿಕ ಸಭೆಯಲ್ಲಿ ನಾನೇ ಎದ್ದು ನಿಂತು, "ತಿಂಗಳಿಗೆ ಒಂದು ಲಕ್ಷ ಹಿಟ್" ಎಂದು ಹೇಳಿದ್ದೆ. ಚಪ್ಪಾಳೆ ಬಿತ್ತು. ಆಮೇಲೆ ಖಜಾಂಚಿಯವರು, "ಲಕ್ಷ ಜನ ನೆಟ್‌ನಲ್ಲೇ ಓದ್ತಾರಂದ್ರೆ ಅಚ್ಚು ಹಾಕಿಸೋದು ಯಾಕೆ? ಅಂಚೆ ಖರ್ಚಾದರೂ ಉಳಿಯುತ್ತೆ" ಎಂದಾಗ ಕಸಿವಿಸಿಯಾಯಿತು. ಲಕ್ಷ ಜನ ಎಂದು ನಾನು ಹೇಳಿರಲಿಲ್ಲ. ಅಲ್ಲ ಎಂದೂ ಹೇಳಿರಲಿಲ್ಲ.

ಆ ರಾತ್ರಿ ಸರ್ವರ್‌ನ ಆಕ್ಸೆಸ್ ಲಾಗ್ ತೆರೆದು ಕೂತೆ. ವೆಬ್ ಸರ್ವರ್ ತನಗೆ ಬಂದ ಪ್ರತಿ ಕೋರಿಕೆಗೂ ಒಂದು ಸಾಲು ಬರೆದಿಡುತ್ತದೆ, ಸೊಸೈಟಿ ಗೇಟಿನ ವಾಚ್‌ಮನ್ ರಿಜಿಸ್ಟರ್ ಇದ್ದ ಹಾಗೆ: ಯಾವ ಐಪಿ ವಿಳಾಸದಿಂದ, ಎಷ್ಟು ಹೊತ್ತಿಗೆ, ಯಾವ ಫೈಲ್ ಕೇಳಿದರು, ಸಿಕ್ಕಿತೇ ಇಲ್ಲವೇ, ಯಾವ ಬ್ರೌಸರ್. ಹಿಟ್ ಎಂದರೆ ಈ ಒಂದು ಸಾಲು, ಅಷ್ಟೆ. ರಾಜ್ಯೋತ್ಸವದ ಪುಟಕ್ಕೆ ನಾನು 40 ಫೋಟೋ ಹಾಕಿದ್ದೆ. ಒಬ್ಬರು ಅದನ್ನು ಒಮ್ಮೆ ತೆರೆದರೆ ಪುಟಕ್ಕೊಂದು, ಫೋಟೋಗಳಿಗೆ 40, ಒಟ್ಟು 41 ಹಿಟ್!

ಫೋಟೋ, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಸಾಲುಗಳನ್ನು ತೆಗೆದೆ. ಹೆಸರು ಹೇಳಿಕೊಂಡೇ ಬರುವ ಗೂಗಲ್‌ಬಾಟ್, ಬಿಂಗ್‌ಬಾಟ್‌ಗಳನ್ನು ತೆಗೆದೆ. ನಮ್ಮ ಸೈಟಿನಲ್ಲಿ ವರ್ಡ್‌ಪ್ರೆಸ್ ಇಲ್ಲವೇ ಇಲ್ಲ. ಆದರೂ ಅದರ ಲಾಗಿನ್ ಪುಟ ಹುಡುಕಿಕೊಂಡು ನಡುರಾತ್ರಿ ಬಾಗಿಲು ತಟ್ಟುವ ಕಳ್ಳ ಪ್ರೋಗ್ರಾಂಗಳು ಎಷ್ಟೊಂದು! ಅವೂ ಹೋದವು. ನನ್ನ ಮನೆಯ ಐಪಿ ತೆಗೆಯುವಾಗ ಮಾತ್ರ ಸ್ವಲ್ಪ ಸಂಕಟವಾಯಿತು. ಸೈಟಿಗೆ ನನ್ನಷ್ಟು ಸಲ ಬಂದವರು ಬೇರೆ ಯಾರೂ ಇರಲಿಲ್ಲ. ಉಳಿದದ್ದನ್ನು ಭೇಟಿಗಳಾಗಿ ಗುಂಪು ಮಾಡಿದೆ. ಅದೇ ಐಪಿ, ಅದೇ ಬ್ರೌಸರ್, ನಡುವೆ 30 ನಿಮಿಷಕ್ಕಿಂತ ಹೆಚ್ಚು ಬಿಡುವಿಲ್ಲದಿದ್ದರೆ ಒಂದೇ ಭೇಟಿ ಎಂಬುದು ರೂಢಿಯ ಲೆಕ್ಕ. ಲಕ್ಷ ಕರಗಿ ಕೆಲವು ನೂರಕ್ಕೆ ಬಂತು.

ಅದೂ ಅಂದಾಜೇ. ಮೊಬೈಲ್ ಕಂಪನಿಗಳು ಒಂದೇ ಐಪಿಯ ಹಿಂದೆ ಬಹಳ ಗ್ರಾಹಕರನ್ನು ಇಟ್ಟಿರುತ್ತವೆ. ಒಂದೇ ಮಾದರಿಯ ಫೋನಿನ ಇಬ್ಬರು ಒಬ್ಬರಾಗಿ ಕಾಣಬಹುದು. ಯಾರಾದರೂ ಪಿಡಿಎಫ್ ಇಳಿಸಿಕೊಂಡು ವಾಟ್ಸಾಪ್‌ನಲ್ಲಿ ಹಂಚಿದರೆ ಲಾಗ್‌ಗೆ ಸುದ್ದಿಯೇ ಇಲ್ಲ.

ನನ್ನನ್ನು ನಿಜಕ್ಕೂ ಕಾಡಿದ್ದು 404 ಎಂದಿದ್ದ ಸಾಲುಗಳು. ಅಂದರೆ, ಕೇಳಿದ ಪುಟ ಇಲ್ಲ. ಆರು ತಿಂಗಳ ಹಿಂದೆ ಸೈಟಿಗೆ ಹೊಸ ರೂಪ ಕೊಟ್ಟಾಗ ಸಂಚಿಕೆಗಳ ವಿಳಾಸ ಬದಲಾಗಿತ್ತು, ಹಳೆಯ ವಿಳಾಸಕ್ಕೆ ದಾರಿ ಮಾಡುವುದು ನನಗೆ ಮರೆತೇ ಹೋಗಿತ್ತು. ಅದೃಷ್ಟಕ್ಕೆ ಹಳೆಯ ಲಾಗ್‌ಗಳನ್ನು ಅಳಿಸಿರಲಿಲ್ಲ. ನೋಡಿದರೆ, ಯಾರೋ ಪ್ರತಿ ತಿಂಗಳ ಮೊದಲ ವಾರ, ಬೆಳಿಗ್ಗೆ ಆರರ ಸುಮಾರಿಗೆ, ಅದೇ ಹಳೆಯ ವಿಳಾಸಕ್ಕೆ ಬಂದು ಬರಿಗೈಲಿ ಹೋಗಿದ್ದಾರೆ. ಐಪಿ ಬದಲಾಗಿದೆ, ಬ್ರೌಸರ್ ಮಾತ್ರ ಪ್ರತಿ ಸಲವೂ ವಿಂಡೋಸ್ 7ರ ಒಂದು ಹಳೇ ಫೈರ್‌ಫಾಕ್ಸ್. ಆರು ತಿಂಗಳು, ಒಂದು ಸಲವೂ ತಪ್ಪದೆ!

ಮರುದಿನವೇ ಹಳೆಯ ವಿಳಾಸಗಳಿಂದ ಹೊಸದಕ್ಕೆ 301 ರೀಡೈರೆಕ್ಟ್ ಹಾಕಿದೆ. ಸಮಿತಿಗೆ ನಿಜವಾದ ಲೆಕ್ಕ ಕೊಟ್ಟು, ತಪ್ಪಾಯಿತು ಎಂದೆ. ಖಜಾಂಚಿಯವರು, "ಸರಿ ಬಿಡಿ, ಸ್ಟಾಂಪ್ ತರಿಸ್ತೀನಿ" ಎಂದರು.

ಮುಂದಿನ ತಿಂಗಳ ಮೂರನೇ ತಾರೀಕು ವಿಂಡೋಸ್ 7 ಮತ್ತೆ ಬಂತು. ಮೊದಲು 301, ಅದರ ಕೆಳಗಿನ ಸಾಲಿನಲ್ಲಿ 200: ಪುಟ ಸಿಕ್ಕಿತ್ತು.