ದಾನಿ ವೀರ್ಯದ ಚಿಕಿತ್ಸೆ: ಕಾನೂನು, ಲೆಕ್ಕ ಮತ್ತು ವಾರಸುದಾರಿಕೆ

ಮದುವೆಯಾಗಿ ಐದಾರು ವರ್ಷ ಕಳೆದರೂ ತೊಟ್ಟಿಲು ಕಟ್ಟದ ಮನೆಗಳಲ್ಲಿ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತುವವಳು ಸೊಸೆ. ಶರಣಬಸವೇಶ್ವರರ ಗುಡಿಗೆ ಹರಕೆ, ಬಂದೇ ನವಾಜರ ದರ್ಗಾಕ್ಕೆ ಚಾದರ, ಕಮಲಾಪುರದಂಥ ಊರಿನಿಂದ ಕಲಬುರಗಿಯ ಜಗತ್ ವೃತ್ತದ ಕಡೆಗೆ ಮೇಲಿಂದ ಮೇಲೆ ಓಡಾಟ, ಹತ್ತಾರು ಸ್ಕ್ಯಾನಿಂಗ್, ಇವೆಲ್ಲ ಮುಗಿದ ಮೇಲೆ ಗಂಡನ ವೀರ್ಯ ಪರೀಕ್ಷೆಯ ಮಾತು ಬರುತ್ತದೆ. ಇಡೀ ಸರಣಿಯಲ್ಲಿ ಅತಿ ಸರಳವೂ ಅಗ್ಗವೂ ಆದ ಪರೀಕ್ಷೆಗಳಲ್ಲಿ ಅದೂ ಒಂದು. ಪೈಸೆ ಪೈಸೆಗೆ ಲೆಕ್ಕವಿಡುವ ವ್ಯಾಪಾರಸ್ಥರ ಮನೆಗಳಲ್ಲಿಯೂ ಈ ಕ್ರಮ ತಲೆಕೆಳಗಾಗಿಯೇ ಇರುವುದು ಸೋಜಿಗದ ಸಂಗತಿ.

ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು ಆರು ಜನ ವಯಸ್ಕರಲ್ಲಿ ಒಬ್ಬರು ಬದುಕಿನ ಒಂದಿಲ್ಲೊಂದು ಹಂತದಲ್ಲಿ ಸಂತಾನಹೀನತೆಯನ್ನು ಅನುಭವಿಸುತ್ತಾರೆ. ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದಿದ್ದರೆ ವೃಷಣದಿಂದ ಸೂಜಿಯ ಮೂಲಕ ತೆಗೆದು ಪ್ರಯೋಗಶಾಲೆಯಲ್ಲಿ ಅಂಡಾಣುವಿಗೆ ಸೇರಿಸುವ ಮಾರ್ಗವುಂಟು, ಅದು ದುಬಾರಿ. ಅಲ್ಲಿಯೂ ವೀರ್ಯಾಣು ದೊರೆಯದಿದ್ದಾಗ, ಅಥವಾ ಗಂಡನಿಂದ ಮಗುವಿಗೆ ಗಂಭೀರ ಆನುವಂಶಿಕ ರೋಗ ದಾಟುವ ಸಂಭವವಿದ್ದಾಗ, ದಾನಿಯ ವೀರ್ಯವನ್ನು ಬಳಸಲಾಗುತ್ತದೆ. ಶೀತಲೀಕರಿಸಿದ ವೀರ್ಯವನ್ನು ಕರಗಿಸಿ, ತೊಳೆದು, ಅಂಡಾಣು ಬಿಡುಗಡೆಯಾಗುವ ಸಮಯಕ್ಕೆ ಸರಿಯಾಗಿ ತೆಳುವಾದ ನಳಿಕೆಯ ಮೂಲಕ ಗರ್ಭಕೋಶದೊಳಗೆ ಬಿಡುವುದಿಷ್ಟೇ ಈ ವಿಧಾನ. ಅರಿವಳಿಕೆ ಬೇಕಿಲ್ಲ, ಹೊಲಿಗೆ ಇಲ್ಲ. ಆದರೆ ಒಂದೇ ಪ್ರಯತ್ನಕ್ಕೆ ಫಲ ಖಚಿತವಲ್ಲ. ಒಂದು ಋತುಚಕ್ರದಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಸಾಮಾನ್ಯವಾಗಿ ಶೇ. 10ರಿಂದ 20ರ ಆಸುಪಾಸಿನಲ್ಲಿದ್ದು, ಹೆಂಡತಿಯ ವಯಸ್ಸು ಏರಿದಂತೆ ಇಳಿಯುತ್ತದೆ.

ವಿಧಾನ ಹೊಸದೇನಲ್ಲ. 1884ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೈದ್ಯರೊಬ್ಬರು ರೋಗಿಗೆ ತಿಳಿಸದೆಯೇ ದಾನಿಯ ವೀರ್ಯ ಬಳಸಿದ ಸಂಗತಿ 1909ರಲ್ಲಿ ಬೆಳಕಿಗೆ ಬಂತು. ಅಂದಿನ ಆ ಗುಟ್ಟಿನ ಗುಣ ಇಂದಿಗೂ ಪೂರ್ತಿಯಾಗಿ ಹೋಗಿಲ್ಲ. ಭಾರತದಲ್ಲಿ ಬಹುಕಾಲ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2005ರ ಮಾರ್ಗಸೂಚಿಗಳಷ್ಟೇ ಇದ್ದವು. ಅವಕ್ಕೆ ಶಾಸನದ ಬಲವಿರಲಿಲ್ಲ. ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಅಧಿನಿಯಮ, 2021 ಜಾರಿಗೆ ಬಂದದ್ದು 2022ರ ಜನವರಿ 25ರಂದು.

ಸದರಿ ಅಧಿನಿಯಮವು ಈ ಉದ್ಯಮವನ್ನು ಎರಡಾಗಿ ಒಡೆದಿದೆ. ದಾನಿಯನ್ನು ಹುಡುಕುವುದು, ಪರೀಕ್ಷಿಸುವುದು, ವೀರ್ಯ ಸಂಗ್ರಹಿಸಿಡುವುದು ಸ್ವತಂತ್ರವಾಗಿ ನೋಂದಾಯಿತವಾದ ಬ್ಯಾಂಕಿನ ಕೆಲಸ. ಚಿಕಿತ್ಸೆ ನೀಡುವುದು ಕ್ಲಿನಿಕ್‌ನ ಕೆಲಸ. ಗರ್ಭಕೋಶದೊಳಗೆ ವೀರ್ಯ ಸೇರಿಸುವ ಚಿಕಿತ್ಸೆಯನ್ನಷ್ಟೇ ಮಾಡುವ ಮೊದಲ ಹಂತದ ಕ್ಲಿನಿಕ್‌ಗೆ 2022ರ ನಿಯಮಗಳು ನಿಗದಿಪಡಿಸಿದ ನೋಂದಣಿ ಶುಲ್ಕ ರೂ. 50,000; ಪ್ರನಾಳ ಶಿಶು ಮೊದಲಾದ ಎಲ್ಲ ಸೇವೆ ನೀಡುವ ಎರಡನೆಯ ಹಂತಕ್ಕೆ ರೂ. 2,00,000, ಬ್ಯಾಂಕಿಗೆ ರೂ. 50,000. ನೋಂದಣಿಯ ಅವಧಿ ಐದು ವರ್ಷ. ವೀರ್ಯದಾನಿಯ ವಯಸ್ಸು 21ರಿಂದ 55ರೊಳಗಿರಬೇಕು; ಆತನ ಹೆಸರು, ವಿಳಾಸ, ಆಧಾರ್ ಸಂಖ್ಯೆ ಬ್ಯಾಂಕಿನ ದಾಖಲೆಯಲ್ಲಿರಬೇಕು. ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆಗಳು ಕಡ್ಡಾಯ. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಆರು ತಿಂಗಳಿಟ್ಟು, ದಾನಿಯನ್ನು ಪುನಃ ಪರೀಕ್ಷಿಸಿ, ಆಮೇಲೆ ಬಿಡುಗಡೆ ಮಾಡುವುದು ವೈದ್ಯಕೀಯ ವಾಡಿಕೆ.

ವಾಣಿಜ್ಯದ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದ ಷರತ್ತು ಬೇರೆ ಇದೆ. ಒಬ್ಬ ದಾನಿಯ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗೆ ಪೂರೈಸುವಂತಿಲ್ಲ. ದಾನಿಯ ಆಯ್ಕೆ, ಎರಡು ಸಲದ ಪರೀಕ್ಷೆ, ಆರು ತಿಂಗಳ ಶೇಖರಣೆ ಇವೆಲ್ಲ ದಾನಿಯೊಬ್ಬನಿಗೆ ತಗಲುವ ಸ್ಥಿರ ವೆಚ್ಚ. ಹಿಂದೆ ಹಲವು ಕುಟುಂಬಗಳ ಮೇಲೆ ಹಂಚಿಹೋಗಬಹುದಾಗಿದ್ದ ಈ ವೆಚ್ಚ ಈಗ ಒಂದೇ ಕುಟುಂಬದ ಬಿಲ್ಲಿಗೆ ಬಂದು ಕೂರುತ್ತದೆ. ಬೆಲೆ ಏರುವುದೂ ದಾನಿಗಳ ಕೊರತೆಯಾಗುವುದೂ ಸಹಜ. ಆದರೂ ಷರತ್ತಿನ ಹಿಂದಿನ ಕಾಳಜಿಯನ್ನು ಹಗುರವಾಗಿ ಕಾಣುವಂತಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಐನೂರಕ್ಕೂ ಹೆಚ್ಚು ಮಕ್ಕಳಿಗೆ ಕಾರಣನಾದ ದಾನಿಯೊಬ್ಬನಿಗೆ ಮುಂದೆ ದಾನ ಮಾಡದಂತೆ 2023ರಲ್ಲಿ ನ್ಯಾಯಾಲಯ ತಡೆಯಾಜ್ಞೆ ನೀಡಬೇಕಾಯಿತು. ಅಣ್ಣತಂಗಿಯರೆಂದು ತಿಳಿಯದೆ ಸಂಬಂಧ ಬೆಳೆಯುವ ಭಯ, ಒಂದೇ ಸಮುದಾಯದೊಳಗೆ ಹೆಣ್ಣುಗಂಡು ಹುಡುಕುವ ನಾಡಿನಲ್ಲಿ, ಕಲ್ಪನೆಯ ಮಾತಲ್ಲ.

ಈ ಭಾಗದ ರೈತರಿಗೆ ವೀರ್ಯ ಬ್ಯಾಂಕ್ ಎಂದರೆ ದನದ ಆಸ್ಪತ್ರೆಯ ನೆನಪೇ ಮೊದಲು ಬರುವುದು. ಅಲ್ಲಿ ತಳಿಯ ಹೆಸರು ಹೇಳಿ ಪ್ರಚಾರ ಮಾಡಬಹುದು, ಹೆಣ್ಣುಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯಕ್ಕೆ ಸರಕಾರವೇ ಸಹಾಯಧನ ಕೊಡುತ್ತದೆ. ಮನುಷ್ಯರ ವಿಷಯದಲ್ಲಿ ಲಿಂಗ ಆಯ್ಕೆ ಜೈಲಿಗೆ ದಾರಿ. ವೀರ್ಯದ ಮಾರಾಟವೇ ನಿಷಿದ್ಧ.

ತೆರಿಗೆಯ ಕಡೆಗೆ ಬಂದರೆ, ಪ್ರನಾಳ ಶಿಶು ಮುಂತಾದ ನೆರವಿನ ಸಂತಾನೋತ್ಪತ್ತಿ ಚಿಕಿತ್ಸೆಗಳು ಆರೋಗ್ಯ ಸೇವೆಯ ವ್ಯಾಖ್ಯೆಯೊಳಗೆ ಬರುತ್ತವೆ, ಆದುದರಿಂದ ಜಿ.ಎಸ್.ಟಿ. ವಿನಾಯಿತಿಗೆ ಅರ್ಹ ಎಂದು 2022ರ ಆಗಸ್ಟ್ 3ರ ಸುತ್ತೋಲೆ ಸ್ಪಷ್ಟಪಡಿಸಿದೆ. ವಿನಾಯಿತಿ ಇದ್ದಲ್ಲಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ಉಪಕರಣಗಳ ಮೇಲೆ ಕ್ಲಿನಿಕ್ ಕಟ್ಟಿದ ತೆರಿಗೆ ಕೊನೆಗೆ ರೋಗಿಯ ಶುಲ್ಕದಲ್ಲೇ ಅಡಗಿರುತ್ತದೆ. ಸುತ್ತೋಲೆಯ ಮಾತು ಚಿಕಿತ್ಸೆಯನ್ನು ಕುರಿತದ್ದು. ಬ್ಯಾಂಕು ಕ್ಲಿನಿಕ್‌ಗೆ ಮಾಡುವ ಪೂರೈಕೆಗೆ ಅದನ್ನೇ ಹಾಗೆಯೇ ಅನ್ವಯಿಸಿಕೊಳ್ಳುವುದು ಜಾಣತನವಲ್ಲ. ಹೊಕ್ಕುಳಬಳ್ಳಿ ರಕ್ತದ ಬ್ಯಾಂಕುಗಳಿಗಿದ್ದ ವಿನಾಯಿತಿಯನ್ನು ಅದೇ ವರ್ಷದ ಜುಲೈನಲ್ಲಿ ಹಿಂತೆಗೆದುಕೊಂಡದ್ದನ್ನು ಮರೆಯಬಾರದು. ಇನ್ನು ಆರೋಗ್ಯ ವಿಮೆ: ಪಾಲಿಸಿಗಳ ಪ್ರಮಾಣಿತ ಹೊರಗಿಡುವಿಕೆಗಳ ಪಟ್ಟಿಯಲ್ಲಿ ಸಂಕೇತ 17 ಸಂತಾನಹೀನತೆಯದು, ಕೃತಕ ಗರ್ಭಧಾರಣೆಯ ಹೆಸರೂ ಅದರಲ್ಲಿದೆ. ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಸೇರಿಸದಿದ್ದರೆ ಖರ್ಚು ಪೂರ್ತಿ ಕೈಯಿಂದಲೇ.

ವ್ಯಾಪಾರಿ ಮನೆತನಗಳನ್ನು ನಿಜವಾಗಿ ಕಾಡುವ ಪ್ರಶ್ನೆ ತೆರಿಗೆಯದಲ್ಲ, ವಾರಸುದಾರಿಕೆಯದು. ಬೇಳೆ ಗಿರಣಿ, ಅಡತಿ ಅಂಗಡಿ, ಅವಿಭಕ್ತ ಕುಟುಂಬದ ಆಸ್ತಿ ಇದ್ದಲ್ಲಿ ನಾಳೆ ದಾಯಾದಿಗಳು “ಇದು ಅವನ ಮಗುವಲ್ಲ” ಎಂದರೆ ಏನು ಗತಿ? ಅಧಿನಿಯಮದ 31ನೇ ಕಲಂ ಇದಕ್ಕೆ ನೇರ ಉತ್ತರ ಕೊಡುತ್ತದೆ: ಹುಟ್ಟಿದ ಮಗು ಚಿಕಿತ್ಸೆ ಪಡೆದ ದಂಪತಿಯ ಜೈವಿಕ ಮಗುವೆಂದೇ ಪರಿಗಣಿತವಾಗುತ್ತದೆ, ಸಹಜ ಮಗುವಿನ ಎಲ್ಲ ಹಕ್ಕುಗಳೂ ಅದಕ್ಕೆ ಆ ದಂಪತಿಯಿಂದ ಮಾತ್ರ ಬರುತ್ತವೆ, ದಾನಿಯು ಪಿತೃತ್ವದ ಹಕ್ಕನ್ನೆಲ್ಲ ಬಿಟ್ಟುಕೊಡುತ್ತಾನೆ. ಮಗುವನ್ನು ದತ್ತು ಪಡೆಯುವ ವಿಧಿ ಬೇಕಿಲ್ಲ, ಪಾಲುದಾರಿಕೆ ಪತ್ರದಲ್ಲಿ ವಿಶೇಷ ಒಕ್ಕಣೆಯೂ ಬೇಕಿಲ್ಲ. ಬೇಕಾದದ್ದು, ಚಿಕಿತ್ಸೆಗೆ ಮುಂಚೆ ಗಂಡಹೆಂಡಿರಿಬ್ಬರೂ ಬರೆದುಕೊಟ್ಟ ಒಪ್ಪಿಗೆ. ಮನೆತನದ ರಕ್ತ ಉಳಿಯಲೆಂದು ಗಂಡನ ತಮ್ಮನನ್ನೇ ಗುಟ್ಟಾಗಿ ದಾನಿಯಾಗಿಸುವ ಏರ್ಪಾಟಿಗೆ ಈ ಚೌಕಟ್ಟಿನಲ್ಲಿ ಜಾಗವಿಲ್ಲ, ಅದಕ್ಕೆ ಕಲಂ 31ರ ಆಸರೆ ಸಿಕ್ಕೀತೆಂದು ನೆಚ್ಚುವುದೂ ತರವಲ್ಲ.

ಗುಟ್ಟು ಉಳಿಯಲೆಂದು ಅನೇಕರು ಊರು ಬಿಟ್ಟು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುತ್ತಾರೆ, ಹೆಸರು ಬರದಿರಲೆಂದು ನಗದು ಕೊಡುತ್ತಾರೆ, ಬಿಲ್ಲು ಕೇಳುವುದಿಲ್ಲ. ಅಪಾಯ ಇಲ್ಲಿಯೇ ಇದೆ. ದೆಹಲಿಯ ಒಂದು ಪ್ರಕರಣದಲ್ಲಿ ಗಂಡನ ವೀರ್ಯದಿಂದಲೇ ಚಿಕಿತ್ಸೆ ಎಂದು ನಂಬಿದ್ದ ದಂಪತಿಗೆ 2009ರಲ್ಲಿ ಅವಳಿ ಹೆಣ್ಣುಮಕ್ಕಳಾದವು. ಒಂದು ಮಗುವಿನ ರಕ್ತದ ಗುಂಪು ತಾಯಿತಂದೆಯರಿಗೆ ಹೊಂದದಿದ್ದಾಗ ಡಿ.ಎನ್.ಎ. ಪರೀಕ್ಷೆ ನಡೆದು, ತಂದೆ ಬೇರೆ ಎಂಬುದು ತಿಳಿಯಿತು. 2023ರ ಜೂನ್‌ನಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ಒಂದೂವರೆ ಕೋಟಿ ರೂಪಾಯಿ ಪರಿಹಾರ ವಿಧಿಸಿತು. ದಾಖಲೆಯಿದ್ದುದರಿಂದಲೇ ಆ ಕುಟುಂಬ ಹೋರಾಡಲು ಸಾಧ್ಯವಾಯಿತು. 2025ರ ಜುಲೈನಲ್ಲಿ ಸಿಕಂದರಾಬಾದಿನ ಸಂತಾನ ಕೇಂದ್ರವೊಂದರ ವೈದ್ಯರ ಬಂಧನಕ್ಕೆ ಕಾರಣವಾದ ದೂರಿನ ಸಾರವೂ, ಬಾಡಿಗೆ ತಾಯ್ತನದ ಹೆಸರಿನಲ್ಲಿ ಕೊಟ್ಟ ಮಗು ದಂಪತಿಯದ್ದಲ್ಲವೆಂದು ಡಿ.ಎನ್.ಎ. ಪರೀಕ್ಷೆ ತೋರಿಸಿತೆಂಬುದೇ.

ಒಂದೇ ಸಂದರ್ಭಕ್ಕೆ ಸಂಬಂಧಿಸಿ ರೂ. 2 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ನಗದನ್ನು ಪಡೆದ ಆಸ್ಪತ್ರೆಗೆ ಆದಾಯ ತೆರಿಗೆ ಕಾನೂನಿನಡಿ ಅಷ್ಟೇ ಮೊತ್ತದ ದಂಡ ಬೀಳಬಹುದು. ಅಧಿನಿಯಮ ಉಲ್ಲಂಘಿಸಿದರೆ ಮೊದಲ ಬಾರಿಗೆ ರೂ. 5ರಿಂದ 10 ಲಕ್ಷ ದಂಡ, ಪುನಃ ಉಲ್ಲಂಘಿಸಿದರೆ 3ರಿಂದ 8 ವರ್ಷ ಸೆರೆವಾಸ. ಗೋಪ್ಯತೆಯನ್ನು ಕಾನೂನೇ ಕಾಯುತ್ತದೆ: ರಾಷ್ಟ್ರೀಯ ನೋಂದಣಿಯ ದತ್ತಾಂಶಕ್ಕೆ ಸಲ್ಲಿಸುವುದನ್ನು ಬಿಟ್ಟರೆ, ದಂಪತಿಯ ಕೋರಿಕೆಯ ಮೇಲೆ ವೈದ್ಯಕೀಯ ತುರ್ತಿನಲ್ಲಿ ಅಥವಾ ನ್ಯಾಯಾಲಯದ ಆದೇಶದ ಮೇರೆಗಷ್ಟೇ ಮಾಹಿತಿ ಹೊರಬರಬಹುದು. ಕ್ಲಿನಿಕ್ ದಾಖಲೆಗಳನ್ನು ಕನಿಷ್ಠ ಹತ್ತು ವರ್ಷ ಕಾಪಾಡಬೇಕು. ಚಿಕಿತ್ಸೆಗೆ ಹೊರಟ ದಂಪತಿ ಕ್ಲಿನಿಕ್‌ನ ನೋಂದಣಿ ಪ್ರಮಾಣಪತ್ರವನ್ನೂ ಬ್ಯಾಂಕಿನ ನೋಂದಣಿ ಸಂಖ್ಯೆಯನ್ನೂ ಕೇಳಿ ನೋಡಬೇಕು. ಒಪ್ಪಿಗೆ ಪತ್ರದ ಪ್ರತಿ, ಮಾದರಿಯ ಸಂಕೇತ ಸಂಖ್ಯೆ, ಪ್ರತಿ ಪಾವತಿಯ ರಸೀದಿ ಇವನ್ನು ಜಮೀನಿನ ಖರೀದಿ ಪತ್ರ ಇಡುವ ಪೆಟ್ಟಿಗೆಯಲ್ಲಿಯೇ ಇಡುವುದು ಲೇಸು.