ವೈಮಾನಿಕನ ಟೋಪಿ

ಒಂದು ಟೋಪಿಯ ಪ್ರಶ್ನೆ ಒಂದು ದೇಶದ ಮೂರು ನ್ಯಾಯಾಲಯಗಳ ಮೆಟ್ಟಲು ಹತ್ತಿತೆಂದರೆ ಯಾರಿಗಾದರೂ ನಗು ಬಂದೀತು. ನಮ್ಮ ಮಾತಿನಲ್ಲಂತೂ ಟೋಪಿ ಹಾಕುವುದಕ್ಕೆ ಬೇರೆಯೇ ಅರ್ಥವುಂಟು. ಆದರೆ ಜರ್ಮನಿಯ ಲುಫ್ತಾನ್ಸ ಸಂಸ್ಥೆಯ ವೈಮಾನಿಕನೊಬ್ಬ ಹೂಡಿದ ಈ ವ್ಯಾಜ್ಯವನ್ನು ಬರಿಯ ತಮಾಷೆಯೆಂದು ತಳ್ಳಿಹಾಕಲು ನನಗೆ ಮನಸ್ಸಾಗದು.

ನಡೆದದ್ದಿಷ್ಟು. 2009ರ ಡಿಸೆಂಬರಿನಲ್ಲಿ ಆತ ನ್ಯೂಯಾರ್ಕಿಗೆ ಹೋಗುವ ವಿಮಾನದಲ್ಲಿ ಕೆಲಸ ಮಾಡಬೇಕಾಗಿತ್ತು. ಬಂದಾಗ ಟೋಪಿಯಿರಲಿಲ್ಲ. ಅದೇ ಕಾರಣಕ್ಕೆ ಅಧಿಕಾರಿಗಳು ಆತನನ್ನು ಆ ಪ್ರಯಾಣದಿಂದ ಕೈಬಿಟ್ಟರು. ಆಡಳಿತವರ್ಗಕ್ಕೂ ನೌಕರರ ಪ್ರತಿನಿಧಿಗಳಿಗೂ ನಡುವೆ ಆಗಿದ್ದ ಒಪ್ಪಂದದ ಪ್ರಕಾರ, ವಿಮಾನನಿಲ್ದಾಣದಲ್ಲಿ ಸಾರ್ವಜನಿಕರು ಓಡಾಡುವ ಎಡೆಗಳಲ್ಲಿ ಪುರುಷ ವೈಮಾನಿಕರು ಟೋಪಿ ಧರಿಸತಕ್ಕದ್ದು. ಮಹಿಳೆಯರಿಗೆ ಮಾತ್ರ ಅದು ಅವರವರ ಇಚ್ಛೆ. ಗಮನಿಸಿ: ವಿಮಾನದೊಳಗೆ, ಚಾಲಕರ ಕೋಣೆಯಲ್ಲಿ, ಈ ಟೋಪಿಗೆ ಕೆಲಸವೇ ಇಲ್ಲ. ಅಲ್ಲಿ ತಲೆಯನ್ನು ಆಕ್ರಮಿಸುವುದು ಕಿವಿಗೆ ಹಾಕುವ ಹೆಡ್‌ಫೋನು. ಟೋಪಿಯೇನಿದ್ದರೂ ನೆಲದ ಮೇಲೆ ನಡೆಯುವಾಗ ನೋಡುವವರ ಕಣ್ಣಿಗಾಗಿ.

ನೋಡುವವರ ಕಣ್ಣು ಅಲ್ಪವಾದ ವಿಷಯವೆಂದು ನಾನು ಹೇಳಲಾರೆ. ವೈಮಾನಿಕನ ಉಡುಪು ಹುಟ್ಟಿದ್ದೇ ಆ ಕಣ್ಣಿಗಾಗಿ. ಮೊದಮೊದಲು ಮೇಲೆ ಮುಚ್ಚಿಗೆಯಿಲ್ಲದ ವಿಮಾನಗಳಲ್ಲಿ ಅಂಚೆಯ ಮೂಟೆ ಹೊತ್ತು ಹಾರುತ್ತಿದ್ದವರು ಚರ್ಮದ ಅಂಗಿ, ಗಾಳಿಗನ್ನಡಕ, ಮೊಣಕಾಲುದ್ದದ ಬೂಟು ತೊಟ್ಟಿರುತ್ತಿದ್ದರು. ಚಳಿಗೂ ಎಣ್ಣೆಯ ಸಿಡಿತಕ್ಕೂ ಅದು ಸರಿ. ಆದರೆ ಅದು ಸಾಹಸಿಯ ವೇಷ. ಹಣ ಕೊಟ್ಟು ಕುಳಿತುಕೊಳ್ಳುವ ಗೃಹಸ್ಥನು ಸಾಹಸಿಯ ಕೈಗೆ ತನ್ನ ಪ್ರಾಣವನ್ನು ಒಪ್ಪಿಸಲು ಹಿಂಜರಿಯುವುದು ಸಹಜವೇ. 1930ರ ದಶಕದ ಆದಿಯಲ್ಲಿ, ನೀರಿನ ಮೇಲಿಳಿಯುವ ದೊಡ್ಡ ವಿಮಾನಗಳನ್ನು ಓಡಿಸಲು ತೊಡಗಿದ ಅಮೆರಿಕದ ಪ್ಯಾನ್ ಅಮೆರಿಕನ್ ಸಂಸ್ಥೆ ಇದಕ್ಕೊಂದು ಉಪಾಯ ಕಂಡುಕೊಂಡಿತು. ತನ್ನ ವಿಮಾನಗಳನ್ನು ಹಳೆಯ ಹಾಯಿಹಡಗುಗಳ ನೆನಪಿನಲ್ಲಿ ‘ಕ್ಲಿಪರ್’ ಎಂದು ಕರೆಯಿತು. ಚಾಲಕರಿಗೆ ನೌಕಾಧಿಕಾರಿಗಳ ಕಡುನೀಲಿ ಕೋಟನ್ನೂ ಬಿಳಿಯ ಟೋಪಿಯನ್ನೂ ತೊಡಿಸಿತು. ಸಮುದ್ರವನ್ನು ಶತಮಾನಗಳಿಂದ ನಂಬಿದ್ದ ಜನ ಆಕಾಶವನ್ನೂ ನಂಬಲೆಂಬುದು ಇಲ್ಲಿಯ ಹಂಚಿಕೆ. ‘ಕ್ಯಾಪ್ಟನ್’ ಎಂಬ ಹೆಸರೂ ತೋಳಿನ ಹೊಂಬಣ್ಣದ ಪಟ್ಟಿಗಳೂ ಹಡಗಿನಿಂದ ಇಳಿದು ಬಂದವೇ. ಇಂದಿಗೂ ಸಾಮಾನ್ಯವಾಗಿ ಕ್ಯಾಪ್ಟನ್ನನಿಗೆ ನಾಲ್ಕು ಪಟ್ಟಿ, ಆತನ ಜೊತೆಯ ಚಾಲಕನಿಗೆ ಮೂರು. 2023ರ ಡಿಸೆಂಬರಿನಲ್ಲಿ ಏರ್ ಇಂಡಿಯಾ ಹೊಸ ಉಡುಪುಗಳನ್ನು ಪ್ರಕಟಿಸಿದಾಗಲೂ ವೈಮಾನಿಕರ ಪಾಲಿಗೆ ಬಂದದ್ದು ಎರಡು ಸಾಲು ಗುಂಡಿಯ ಕಪ್ಪು ಕೋಟೇ.

ಹೀಗೆ ಎರವಲು ತಂದ ವೇಷಕ್ಕೂ ಒಂದು ಪ್ರಯೋಜನವಿದೆಯೆಂದು ಒಪ್ಪೋಣ. ಗಲಭೆಯಾದಾಗ ಯಾರ ಮಾತು ಕೇಳಬೇಕೆಂಬುದು ನೋಡಿದೊಡನೆ ತಿಳಿಯಬೇಡವೆ? ಆದುದರಿಂದ ಸಮವಸ್ತ್ರದ ನಿಯಮ ತಪ್ಪೆಂದು ನನ್ನ ವಾದವಲ್ಲ. ನಾನು ಕೇಳುವುದು ಬೇರೆ: ನೌಕರನೊಬ್ಬನನ್ನು ಕೆಲಸದಿಂದ ಹಿಂದಕ್ಕೆ ಕಳುಹಿಸುವಷ್ಟು ಬಿಗಿಯಾಗಿ ಒಂದು ನಿಯಮವನ್ನು ಹಿಡಿಯುವಾಗ, ಅದಕ್ಕೆ ಕೊಡುವ ಕಾರಣ ಅಷ್ಟೇ ಗಟ್ಟಿಯಾಗಿದೆಯೆ?

ಗಡ್ಡದ ವಿಷಯ ನೋಡಿ. ಬಹುಕಾಲ ಅನೇಕ ಸಂಸ್ಥೆಗಳು ವೈಮಾನಿಕರಿಗೆ ಗಡ್ಡವನ್ನು ನಿಷೇಧಿಸಿದ್ದುವು. ಇದಕ್ಕೆ ಕೊಟ್ಟ ಕಾರಣ ಶೋಭೆಯದಲ್ಲ, ಪ್ರಾಣದ್ದು. ಎತ್ತರದಲ್ಲಿ ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಚಾಲಕರು ಕ್ಷಣಮಾತ್ರದಲ್ಲಿ ಆಮ್ಲಜನಕದ ಮುಖವಾಡ ಧರಿಸಬೇಕು; ಕೂದಲಿದ್ದರೆ ಅದು ಮುಖಕ್ಕೆ ಬಿಗಿಯಾಗಿ ಕೂರದು ಎಂಬ ಶಂಕೆ. ಇದು ಪರೀಕ್ಷಿಸಬಹುದಾದ ಮಾತು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದವರು ಪರೀಕ್ಷಿಸಿಯೂ ನೋಡಿದರು. ಬಗೆಬಗೆಯ ಉದ್ದದ ಗಡ್ಡವಿದ್ದವರಿಗೆ ಮುಖವಾಡ ತೊಡಿಸಿದಾಗ ಬಾಧಕವೇನೂ ಕಾಣಲಿಲ್ಲ. 2018ರಲ್ಲಿ ಏರ್ ಕೆನಡಾ ತನ್ನ ವೈಮಾನಿಕರಿಗೆ ಅಚ್ಚುಕಟ್ಟಾದ ಗಿಡ್ಡ ಗಡ್ಡವನ್ನು ಅನುಮತಿಸಿತು. ನಮ್ಮಲ್ಲಿ ಗಡ್ಡ ಪೇಟಗಳ ಸಿಖ್ ವೈಮಾನಿಕರು ವಿಮಾನ ನಡೆಸುವುದನ್ನು ಕಂಡವರಿಗೆ ಇದೇನೂ ಹೊಸದಲ್ಲ. ಅದಿರಲಿ, ಕಾರಣವೊಂದಿದ್ದರಿಂದ ಅದನ್ನು ತೂಗಿ ನೋಡಲು ಸಾಧ್ಯವಾಯಿತು, ತೂಕ ಕಡಮೆಯೆಂದು ಕಂಡಾಗ ನಿಯಮವೂ ಬಾಗಿತು.

ಟೋಪಿಗೆ ಇಂಥ ಕಾರಣವೇನಿತ್ತು? ವೈಮಾನಿಕನೆಂದರೆ ಜನರ ಮನಸ್ಸಿನಲ್ಲಿರುವ ಸಾಂಪ್ರದಾಯಿಕ ಚಿತ್ರ, ಅಷ್ಟೆ. ಆ ಚಿತ್ರದಲ್ಲಿ ಇರುವವನು ಗಂಡಸು. ಆದುದರಿಂದ ಟೋಪಿಯೂ ಗಂಡಸಿಗೆ. ಲುಫ್ತಾನ್ಸದಲ್ಲೇ 1988ರಿಂದ ಮಹಿಳೆಯರು ವಿಮಾನ ನಡೆಸುತ್ತ ಬಂದಿದ್ದಾರೆ. ನಮ್ಮ ದೇಶದಲ್ಲಂತೂ ವೈಮಾನಿಕರಲ್ಲಿ ಮಹಿಳೆಯರ ಪ್ರಮಾಣ ಜಗತ್ತಿನ ಸರಾಸರಿಗಿಂತ ಬಹಳ ಹೆಚ್ಚು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರಧ್ರುವದ ದಾರಿ ಹಿಡಿದು, ಎಲ್ಲೂ ಇಳಿಯದೆ ಬೆಂಗಳೂರು ತಲುಪಿದ ಏರ್ ಇಂಡಿಯಾ ವಿಮಾನವನ್ನು ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲರೂ ಅವರ ಸಂಗಡಿಗರಾದ ಮಹಿಳೆಯರೂ. ಆ ಹಳೆಯ ಚಿತ್ರದೊಳಗೆ ಇವರನ್ನು ಎಲ್ಲಿ ನಿಲ್ಲಿಸುವುದು? ಟೋಪಿಯ ರಿಯಾಯಿತಿ ಮೇಲುನೋಟಕ್ಕೆ ಮಹಿಳೆಯರಿಗೆ ತೋರಿದ ದಾಕ್ಷಿಣ್ಯ. ಒಳಹೊಕ್ಕು ನೋಡಿದರೆ, ನೀವು ನಿಜವಾದ ವೈಮಾನಿಕರ ಸಾಲಿನವರಲ್ಲ, ಆದುದರಿಂದ ನಿಮಗೆ ಈ ಲಾಂಛನದ ಕಡ್ಡಾಯವಿಲ್ಲ ಎಂಬ ಧ್ವನಿ ಅದರಲ್ಲಿದೆ. ಗಂಡಸರಿಗೆ ಹೊರೆ, ಹೆಂಗಸರಿಗೆ ಅವಗಣನೆ: ಒಂದೇ ಟೋಪಿ ಇಬ್ಬರನ್ನೂ ಕುಗ್ಗಿಸಿತು.

ಕಲೋನಿನ ಮೊದಲ ನ್ಯಾಯಾಲಯ ವೈಮಾನಿಕನ ಪರವಾಗಿ ತೀರ್ಪಿತ್ತಿತು. 2012ರಲ್ಲಿ ಅದರ ಮೇಲಿನ ನ್ಯಾಯಾಲಯ ಅದನ್ನು ತಿರುಗಿಸಿ ಸಂಸ್ಥೆಯ ಪರ ನಿಂತಿತು. ಕಡೆಗೆ 2014ರ ಸೆಪ್ಟೆಂಬರ್ 30ರಂದು ಎರ್ಫುರ್ಟಿನಲ್ಲಿರುವ ಕಾರ್ಮಿಕ ವ್ಯಾಜ್ಯಗಳ ಸರ್ವೋನ್ನತ ನ್ಯಾಯಾಲಯ ವೈಮಾನಿಕನನ್ನು ಎತ್ತಿಹಿಡಿಯಿತು. ಅದರ ತರ್ಕ ನನಗೆ ಬಹಳ ಹಿಡಿಸಿತು. ಅದು ಹೊರಗಿನಿಂದ ಯಾವ ಆದರ್ಶವನ್ನೂ ತಂದು ಸಂಸ್ಥೆಯ ಮುಂದಿಡಲಿಲ್ಲ. ನಿಯಮದ ಉದ್ದೇಶದಿಂದಲೇ ನಿಯಮವನ್ನು ಅಳೆಯಿತು. ವಿಮಾನದ ಸಿಬ್ಬಂದಿಯನ್ನು ಸಾರ್ವಜನಿಕರು ಏಕರೂಪವಾದ ಉಡುಪಿನಿಂದ ಗುರುತಿಸಬೇಕೆಂಬುದು ಉದ್ದೇಶವಷ್ಟೆ? ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬರಿಗೆ ಕಡ್ಡಾಯ, ಇನ್ನೊಬ್ಬರಿಗೆ ಐಚ್ಛಿಕ ಎಂಬ ಭೇದವನ್ನು ಆ ಉದ್ದೇಶ ಸಮರ್ಥಿಸದು.

ಟೋಪಿ ಒಳ್ಳೆಯದೋ ಕೆಟ್ಟದೋ ಎಂಬ ಮಾತನ್ನು ನ್ಯಾಯಾಧೀಶರು ಎತ್ತಲಿಲ್ಲ. ಅವರ ತರ್ಕದ ಪ್ರಕಾರ ಸಂಸ್ಥೆ ಬೇಕೆಂದರೆ ಎಲ್ಲರಿಗೂ ಟೋಪಿ ತೊಡಿಸಬಹುದಿತ್ತು, ಬೇಡವೆಂದರೆ ಎಲ್ಲರ ತಲೆಯಿಂದಲೂ ತೆಗೆಸಬಹುದಿತ್ತು. ಕೂಡದಿದ್ದದ್ದು ಈ ಎರಡರ ನಡುವಣ ದಾರಿ ಮಾತ್ರ.