ಸಾರಾ ಆಂಟಿಯ ಟೋಪಿ

ನಿಮ್ಮ ಶಾಲೆಯಲ್ಲೋ ಕಾಲೇಜಿನಲ್ಲೋ ಯಹೂದಿ ಗೆಳೆಯರಿದ್ದರೆ, ಅವರ ನೆತ್ತಿಯ ಮೇಲೆ ಅಂಗೈಯಗಲದ ಪುಟ್ಟ ಟೋಪಿಯನ್ನು ನೋಡಿರುತ್ತೀರಿ. ಹೀಬ್ರೂ ಭಾಷೆಯಲ್ಲಿ ಅದರ ಹೆಸರು ಕಿಪ್ಪಾ. ಆ ಪದಕ್ಕೆ ಗುಮ್ಮಟ ಎಂಬ ಅರ್ಥವೂ ಇದೆ. ನಮ್ಮ ಮೇಲೆ ದೇವರಿದ್ದಾನೆ ಎಂಬುದು ನೆನಪಿರಲಿ ಎಂದು ಅದನ್ನು ತೊಡುತ್ತಾರೆ. ಇಂಥ ಟೋಪಿಗಳನ್ನು ಕೈಯಲ್ಲೇ ಹೊಲಿದು, ಕಸೂತಿ ಹಾಕಿ ಮಾರುತ್ತಿದ್ದ ಅಜ್ಜಿಯೊಬ್ಬರು ಕೇರಳದ ಕೊಚ್ಚಿಯಲ್ಲಿದ್ದರು. ಹೆಸರು ಸಾರಾ ಕೊಹೆನ್. ಊರವರಿಗೆಲ್ಲ ಅವರು 'ಸಾರಾ ಆಂಟಿ'.

ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗ್ ಇದೆ. ಸಿನಗಾಗ್ ಎಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಅದಕ್ಕೆ ಹೋಗುವ ಕಿರಿದಾದ ಬೀದಿಯಲ್ಲೇ ಸಾರಾ ಆಂಟಿಯ ಅಂಗಡಿ. ಕಿಟಕಿಯ ಪಕ್ಕ ಕೂತು ಅವರು ಸೂಜಿ ಹಿಡಿಯುತ್ತಿದ್ದರು. ಟೋಪಿಗಳ ಜೊತೆಗೆ, ಶುಕ್ರವಾರ ಸಂಜೆ ಸಬ್ಬತ್ ಊಟಕ್ಕೆ ಇಡುವ ಹಲ್ಲಾ ಎಂಬ ಬ್ರೆಡ್ಡಿನ ಮೇಲೆ ಹೊದಿಸುವ ಬಟ್ಟೆಗಳನ್ನೂ ಮಾಡುತ್ತಿದ್ದರು.

ಬಟ್ಟೆಯ ಕಿಪ್ಪಾ ಹೊಲಿಯುವುದು ನೋಡಲು ಸುಲಭ, ಮಾಡಲು ಕಷ್ಟ. ಹೂವಿನ ಎಸಳಿನಂತೆ ಮೇಲೆ ಚೂಪು, ಕೆಳಗೆ ಅಗಲ ಇರುವ ನಾಲ್ಕೋ ಆರೋ ತುಂಡುಗಳನ್ನು ಕತ್ತರಿಸಬೇಕು. ಎಲ್ಲದರ ತುದಿಯೂ ನೆತ್ತಿಯಲ್ಲಿ ಒಂದೇ ಬಿಂದುವಿಗೆ ಬರಬೇಕು. ಒಂದು ತುಂಡು ನೂಲಿನಷ್ಟು ಹೆಚ್ಚುಕಡಿಮೆಯಾದರೂ ಟೋಪಿ ಸೊಟ್ಟಗಾಗಿ ತಲೆಯ ಮೇಲೆ ಕೂರುವುದಿಲ್ಲ. ಒಳಗೆ ಅಸ್ತರಿ ಕೊಟ್ಟು ಅಂಚು ಮಡಿಸಬೇಕು. ಕಸೂತಿಯ ಕೆಲಸ ಬೇರೆ.

ಇಷ್ಟು ಕಷ್ಟಪಟ್ಟು ಹೊಲಿದರೂ ತೊಡುವವರು ಆ ಬೀದಿಯಲ್ಲಿ ಉಳಿದಿರಲಿಲ್ಲ. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಕೊಚ್ಚಿಯ ಯಹೂದಿಗಳಲ್ಲಿ ಹೆಚ್ಚಿನವರು ಅಲ್ಲಿಗೆ ಹೊರಟುಹೋದರು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಸೇರಬೇಕು ಎಂಬುದು ಅವರ ಸಂಪ್ರದಾಯ. ಕೊನೆಕೊನೆಗೆ ಹೊರಗಿನಿಂದ ಯಾರಾದರೂ ಬಾರದೆ ಆ ಹತ್ತು ತುಂಬುತ್ತಿರಲಿಲ್ಲ. ಟೋಪಿ ಕೊಳ್ಳುವವರೂ ದೂರದೂರಿನ ಪ್ರವಾಸಿಗಳೇ.

ಹಾಗಾದರೆ ಈ ಕೆಲಸವನ್ನು ಕಲಿತವರು ಯಾರು? ತಾಹಾ ಇಬ್ರಾಹಿಂ ಎಂಬ ಮುಸ್ಲಿಂ. ಹುಡುಗನಾಗಿದ್ದಾಗ ಅದೇ ಬೀದಿಯಲ್ಲಿ ಪ್ರವಾಸಿಗಳಿಗೆ ಪೋಸ್ಟ್‌ಕಾರ್ಡ್ ಮಾರುತ್ತಿದ್ದವರು. ಸಾರಾ ಆಂಟಿಯ ಗಂಡ ಜೇಕಬ್ ಆ ಹುಡುಗನಿಗೆ ಸರಕು ಇಡಲು ತಮ್ಮ ಮನೆಯಲ್ಲಿ ಜಾಗ ಕೊಟ್ಟರು. ಪರಿಚಯ ಬೆಳೆಯಿತು, ತಾಹಾ ಮನೆಯವರಂತೆಯೇ ಆದರು. ಆಂಟಿಯಿಂದ ಕಿಪ್ಪಾ ಹೊಲಿಯುವುದನ್ನೂ ಕಲಿತರು. ಜೇಕಬ್ ತೀರಿಕೊಂಡ ಮೇಲೆ ಆಂಟಿಯನ್ನು ಕೊನೆಯವರೆಗೂ ನೋಡಿಕೊಂಡರು. 2019ರಲ್ಲಿ, 96ನೇ ವಯಸ್ಸಿನಲ್ಲಿ ಸಾರಾ ಆಂಟಿ ತೀರಿಕೊಂಡರು. ಆ ಬಳಿಕವೂ ತಾಹಾ ಅಂಗಡಿ ಮುಚ್ಚಲಿಲ್ಲ.

ಇದನ್ನು ನಿಮಗೇ ಯಾಕೆ ಹೇಳುತ್ತಿದ್ದೇನೆ ಗೊತ್ತೇ? 'ನಾವು ಇಲ್ಲೇ ಹುಟ್ಟಿದವರು, ಅಜ್ಜಿಯ ಕಾಲದ ಕೆಲಸ ನಮಗೆಲ್ಲಿ ಬರುತ್ತದೆ' ಎಂದು ನಿಮ್ಮಲ್ಲಿ ಹಲವರು ಹೇಳುವುದನ್ನು ಕೇಳಿದ್ದೇನೆ. ತಾಹಾ ಆ ಮನೆಯಲ್ಲಿ ಹುಟ್ಟಿದವರಲ್ಲ, ಆ ಧರ್ಮದವರೂ ಅಲ್ಲ. ಪಕ್ಕದಲ್ಲಿ ಕೂತರು, ನೋಡಿದರು, ಸೂಜಿ ಹಿಡಿದರು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಅಜ್ಜಿಯ ಪಕ್ಕದಲ್ಲೂ ಜಾಗ ಖಾಲಿ ಇರುತ್ತದೆ. ಹೋಗಿ ಕೂತುಕೊಳ್ಳಿ.